ತಿರುವಿನಲ್ಲಿ ನಾನು ಬಿಟ್ಟ ಮರಗಳು

ಮೊನ್ನೆ ಹೊನ್ನಾವರದಿಂದ ವಾಪಸು ಬರುವಾಗ, ಶರಾವತಿ ಸೇತುವೆ ದಾಟಿದ ಮೇಲೆ, ಬಸ್ಸು ಒಂದು ಸಾಮಿಲ್ಲಿನ ಎದುರು ಹತ್ತು ನಿಮಿಷ ನಿಂತಿತು. ಮುಂದೆ ಯಾವುದೋ ಲಾರಿ ಕೆಟ್ಟಿತ್ತು. ಕಿಟಕಿಯಿಂದ ಹಸಿ ಅಕೇಶಿಯಾ ಕೊಯ್ದ ವಾಸನೆ ಬಂತು. ಸ್ವಲ್ಪ ಹುಳಿ, ಸ್ವಲ್ಪ ಒಗರು, ಒದ್ದೆ ಗೋಣಿಚೀಲದಂಥದ್ದು. ನಾನು ಕಿಟಕಿ ಹಾಕಿಕೊಂಡೆ. ಈ ಸೆಕೆಯಲ್ಲಿ ಎಂತಕ್ಕೆ ಹಾಕ್ತ್ರಿ ಎಂದು ಪಕ್ಕದ ಹೆಂಗಸು ಕೇಳಿದಳು. ಧೂಳು ಎಂದೆ. ಬೆಳಿಗ್ಗೆಯಷ್ಟೇ ಮಳೆ ಬಿದ್ದು ನೆಲವೆಲ್ಲ ಒದ್ದೆಯಾಗಿತ್ತು. ಧೂಳು ಇರಲಿಲ್ಲ.

ಆ ವಾಸನೆಯಿಂದ ನನಗೆ ಹೋದ ವರ್ಷದ ಮಳೆಗಾಲ ನೆನಪಾಗುತ್ತದೆ. ಆ ಮಳೆಗಾಲದಲ್ಲಿ ನಮ್ಮೂರು ಬೆಳಕೆಯ ಮಾಸ್ತಪ್ಪ ರೈಲಿಗೆ ಸಿಕ್ಕಿ ಸತ್ತ. ಅವನಿಗೆ ರೈಲು ಕಂಡಿತ್ತೋ ಇಲ್ಲವೋ ಎಂಬ ಒಂದು ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಗೊತ್ತಿದ್ದವರು ಊರಿನಲ್ಲಿ ಇಬ್ಬರು. ಒಬ್ಬಳು ಅವನ ಹೆಂಡತಿ ಮಾದೇವಿ. ಇನ್ನೊಬ್ಬ ನಾನು.

ಮೂವತ್ನಾಲ್ಕು ವರ್ಷ ನಾನು ಸರ್ವೇಯರ್ ಕೆಲಸ ಮಾಡಿದವನು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನಲ್ಲಿ ಸರಪಳಿ ಎಳೆದಿದ್ದೇನೆ. ಅಣ್ಣತಮ್ಮಂದಿರು ಕತ್ತಿ ಹಿಡಿದು ನಿಂತ ಗಡಿಗಳಲ್ಲಿ ನಾನು ಗೂಟ ಹೊಡೆದ ಮೇಲೆ ಮಾತು ನಿಂತದ್ದುಂಟು. ಸರ್ವೇಯರು ಅಳೆದಿದ್ದಾರೆ ಅಂದರೆ ಆತು ಎನ್ನುತ್ತಿದ್ದರು. ನಿವೃತ್ತನಾದ ಮೇಲೆ ಅಳೆಯಲು ಏನೂ ಉಳಿಯಲಿಲ್ಲ. ನನ್ನ ಹೆಂಡತಿ ಸಾವಿತ್ರಿಯ ತಮ್ಮ ಮುಂಬಯಿಯಿಂದ ಒಂದು ಪೆಟ್ಟಿಗೆ ತಂದುಕೊಟ್ಟ. ಅದರಲ್ಲಿ ಅಂಗೈಯುದ್ದದ ಒಂದು ಡೀಸೆಲ್ ಇಂಜಿನ್ನು, ಹಳಿಯ ತುಂಡುಗಳು, ಇಪ್ಪತ್ತು ಜೊತೆ ಗಾಲಿ ಇದ್ದವು. ಎಲ್ಲ ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ಆ ಲೆಕ್ಕ ಕೇಳಿದ ಕೂಡಲೇ ನನಗೆ ನಕ್ಷೆಯ ಸ್ಕೇಲು ನೆನಪಾಯಿತು. ಊರಿನ ಪಕ್ಕದ ರೈಲುದಾರಿಯನ್ನು, ಗುಡ್ಡ ಕಡಿದ ದರೆಯ ನಡುವಿನ ಅದರ ತಿರುವನ್ನು, ಇದ್ದದ್ದು ಇದ್ದ ಹಾಗೆ ಮಾಡಬೇಕು ಎಂದು ನಿಶ್ಚಯಿಸಿದೆ.

ಫಾಲ್ಗುಣದಿಂದ ಜ್ಯೇಷ್ಠದ ತನಕ ಮನೆಯ ಜಗಲಿ ನನ್ನ ಕಾರ್ಖಾನೆಯಾಯಿತು. ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ. ಥರ್ಮೊಕೋಲ್ ಕೊಯ್ದು ಗುಡ್ಡ ಮಾಡಿ, ಅದರ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಬಟ್ಟೆ ಹೊದಿಸಿದೆ. ಚಿರೆಕಲ್ಲಿನ ಪುಡಿಯನ್ನು ಸಾವಿತ್ರಿಯ ಹಿಟ್ಟಿನ ಜರಡಿಯಲ್ಲಿ ಗಾಳಿಸಿದೆ. ಮರುದಿನದ ರೊಟ್ಟಿ ಕೆಂಪಗಾದಾಗ ಅವಳು, ಪಿಂಚಣಿ ಬಂದವರಿಗೆ ಮರಳಿ ಬಾಲವಾಡಿಗೆ ಸೇರಿಸಿಕೊಳ್ತಾರಾ ಕೇಳಿ ಬನ್ನಿ ಎಂದಳು. ಹುಲ್ಲಿಗೆ ಸಾಮಿಲ್ಲಿನ ಹೊಟ್ಟು ತಂದು ಹಸಿರು ಬಣ್ಣದಲ್ಲಿ ಕಲಸಿ ಒಣಗಿಸಿದೆ. ಅದು ಅಕೇಶಿಯಾದ ಹೊಟ್ಟು. ಅಡಿಕೆ ಹೂಗೊನೆಯ ಒಣ ಸಿಂಗಾರ ಮುರಿದು ಹಲಸಿನ ಮರದ ಕೊಂಬೆ, ಹಿಡಿಕಡ್ಡಿಗೆ ಕಾಗದ ಸುತ್ತಿ ತೆಂಗಿನ ಮರ. ಹಳಿಯ ಬದಿಗೆ ತುಕ್ಕು ಬಳಿಯಲು ಹಳೆ ಮೊಳೆಗಳನ್ನು ಹುಳಿನೀರಿನಲ್ಲಿ ಹತ್ತು ದಿನ ನೆನೆಸಿಟ್ಟೆ.

ಗಾಡಿಗಳೇ ಹೆಚ್ಚು ಕೆಲಸ ಕೇಳಿದವು. ನಮ್ಮ ದಾರಿಯಲ್ಲಿ ಲಾರಿಗಳನ್ನೇ ಹೊತ್ತುಕೊಂಡು ಹೋಗುವ ರೈಲು ಇದೆಯಲ್ಲ, ನನಗೆ ಅದೇ ಬೇಕಿತ್ತು. ಎರಡು ಸಲ ಕುಮಟಾ ನಿಲ್ದಾಣಕ್ಕೆ ಹೋಗಿ, ಎದುರಿನ ಗಾಡಿಗೆ ದಾರಿ ಬಿಡಲು ಅದು ನಿಂತಾಗ, ಮೊಬೈಲಿನಲ್ಲಿ ಇನ್ನೂರು ಫೋಟೊ ತೆಗೆದೆ. ಗಾಲಿಯ ಹತ್ತಿರದ ಸ್ಪ್ರಿಂಗು, ಲಾರಿಯ ಚಕ್ರಕ್ಕೆ ಒತ್ತುಕೊಟ್ಟ ಮರದ ತುಂಡು, ಟಾರ್ಪಾಲಿನ ಹಗ್ಗದ ಗಂಟು. ಹಳೆಯ ಪ್ಲಾಸ್ಟಿಕ್ ಕಾರ್ಡುಗಳನ್ನು ಕೊಯ್ದು ಆರು ಗಾಡಿ ಮಾಡಿದೆ. ಲಾರಿಗಳಿಗೆ ಹರಿದ ಕೊಡೆಯ ಬಟ್ಟೆಯ ಟಾರ್ಪಾಲು, ಮೇಣ ಸವರಿದ ನೂಲಿನ ಹಗ್ಗ. ದೀಪದ ಮಸಿಯನ್ನು ಬೆರಳಿಗೆ ಒತ್ತಿಕೊಂಡು ಗಾಡಿಯ ಮೈಗೆ ತಿಕ್ಕಿದರೆ ಹತ್ತು ವರ್ಷ ಓಡಿದ ಗಾಡಿಯ ಹಾಗೆ ಕಾಣುತ್ತಿತ್ತು. ಇದನ್ನೆಲ್ಲ ಹೇಳುವಾಗ ಈಗಲೂ ನನಗೆ ಖುಷಿಯಾಗುತ್ತದೆ, ಅದಕ್ಕೆ ನಾಚಿಕೆಯೂ ಆಗುತ್ತದೆ.

ಸ್ಥಳದ ಅಳತೆಯನ್ನು ಚೈತ್ರದಲ್ಲೇ ತೆಗೆದಿದ್ದೆ. ಟೇಪು, ಫೀಲ್ಡ್ ಬುಕ್ಕು ಹಿಡಿದು ಮೂರು ದಿನ ಬೆಳಿಗ್ಗೆ ಹೋದೆ. ತಿರುವಿನ ಈಚೆ ಒಂದು ಕಾಲುದಾರಿ ಹಳಿ ದಾಟುತ್ತದೆ. ಹಳಿಯ ಪೂರ್ವಕ್ಕೆ ಮಾಸ್ತಪ್ಪನ ಮನೆ, ಪಶ್ಚಿಮಕ್ಕೆ ಅವನ ಮಲ್ಲಿಗೆ ತೋಟ. ಊರಿನ ಉಳಿದವರೆಲ್ಲ ಹೆದ್ದಾರಿಯ ಕಡೆ ಇರುವವರು, ಸಮುದ್ರಕ್ಕೆ ಹೋಗಲು ಕೆಳಸೇತುವೆ ಬಳಸುತ್ತಾರೆ. ಈ ಕಾಲುದಾರಿಯಲ್ಲಿ ಓಡಾಡುವವರು ಗಂಡಹೆಂಡತಿ ಇಬ್ಬರೇ. ಕಾಲುದಾರಿಯಿಂದ ತಿರುವಿನ ತುದಿಗೆ ನೂರೆಂಬತ್ತು ಮೀಟರು. ನನ್ನ ಹಲಗೆಯ ಮೇಲೆ ಅದು ಎರಡು ಮೀಟರಿನ ಮೇಲೆ ಏಳು ಸೆಂಟಿಮೀಟರು. ಸರಿಯಾಗಿ ಕೂತಿತು.

ತಿರುವಿನ ಒಳಮಗ್ಗುಲಿಗೆ, ದರೆಯ ಮೇಲೆ, ಅಕೇಶಿಯಾ ಮರಗಳಿದ್ದವು. ನಾಲ್ಕೈದು ವರ್ಷದ ಮರ, ಒತ್ತಾಗಿ ಬೆಳೆದಿದ್ದವು, ಹಳಿಯ ಕಡೆಗೆ ಬಾಗಿದ್ದವು. ಅವುಗಳಿಂದಾಗಿ ಕಾಲುದಾರಿಯಲ್ಲಿ ನಿಂತವನಿಗೆ ತಿರುವು ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಹತ್ತಿರದ ನಲವತ್ತು ಮೀಟರು ಮಾತ್ರ. ಇದನ್ನು ನಾನು ನೋಡಿದ್ದೇನೆ. ನೋಡಿಯೂ ಹಲಗೆಯ ಮೇಲೆ ಆ ಮರಗಳನ್ನು ಇಡಲಿಲ್ಲ. ಇಟ್ಟರೆ ನನ್ನ ರೈಲು ಮುಚ್ಚಿಹೋಗುತ್ತಿತ್ತು. ಆರು ಗಾಡಿ, ಹನ್ನೆರಡು ಲಾರಿ, ಅಷ್ಟು ಗಂಟು, ಅಷ್ಟು ಮಸಿ. ಅವು ತಿರುವಿನಲ್ಲಿ ವಾಲಿಕೊಂಡು ಬರುವಾಗಲೇ ನೋಡಲು ಚಂದ. ಅಲ್ಲೇ ಮರ ನಿಲ್ಲಿಸಲು ಮನಸ್ಸು ಬರಲಿಲ್ಲ.

ಮೊದಲ ಮಳೆ ಬಿದ್ದ ವಾರ ಮಾಸ್ತಪ್ಪ ನೋಡಲು ಬಂದ. ನಲವತ್ತೆಂಟರ ಆಸುಪಾಸಿನವನು, ಸಣಕಲು, ಮಾತಿನಲ್ಲಿ ಯಾವಾಗಲೂ ಒಂದು ನಗೆ ಇಟ್ಟುಕೊಂಡವನು. ಮಲ್ಲಿಗೆ ದಂಡೆಯ ಬುಟ್ಟಿಯನ್ನು ಭಟ್ಕಳದ ಬಸ್ಸಿಗೆ ಹಾಕಿ ಸೀದಾ ನಮ್ಮ ಜಗಲಿಗೆ ಬಂದು, ಕಾಲು ಒರೆಸಿಕೊಂಡು, ಹಲಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ತನ್ನ ಮನೆ, ತನ್ನ ಬಾವಿಕಟ್ಟೆ, ದಾರಿಯ ಹಲಸಿನ ಮರ ಒಂದೊಂದನ್ನೇ ಬೆರಳು ತೋರಿಸಿ ಗುರುತು ಹಿಡಿದ. ಮಲ್ಲಿಗೆಯ ಸಾಲು ಅಡ್ಡ ಆಗಿದೆ, ಉದ್ದಕ್ಕೆ ಮಾಡಬೇಕು ಎಂದು ತಿದ್ದಿದ. ಆಮೇಲೆ ತಿರುವನ್ನು ನೋಡಿ ತಲೆ ಕೆರೆದುಕೊಂಡ.

"ಇಲ್ಲಿ ಅಕೇಶಿಯಾ ಎಲ್ಲಿ ಹೋಯ್ತು ಸರ್ವೇಯರೇ? ಎಲ್ಲ ಕಡಿದು ಬೋಳು ಮಾಡಿದ್ರಲ್ಲ."

ಅದನ್ನು ಇಟ್ಟರೆ ರೈಲು ಕಾಣುವುದಿಲ್ಲ ಮಾರಾಯ ಎಂದೆ.

"ನಂಗೂ ಕಾಣೂದಿಲ್ಲ," ಎಂದು ನಕ್ಕ. "ಹಲಸಿನ ಬುಡದಲ್ಲಿ ನಿಂತು ಕಿವಿ ಕೊಡೂದೇ. ಹಳಿ ಗುಂಯ್ ಅಂದ್ರೆ ನಿಲ್ಲೂದು, ಇಲ್ದಿದ್ರೆ ಓಡೂದು. ನಿಮ್ಮ ಊರಲ್ಲಿ ಆರಾಮ, ಹತ್ತು ಮೈಲಿಂದ ಕಾಣ್ತದೆ."

ಈ ಮಾತನ್ನು ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಬರೆದಿದ್ದೇನೆ. ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಸಾವಿತ್ರಿ ಚಾ ಮಾಡುತ್ತಿದ್ದಳು. ಹೋಗುವಾಗ ಅವನು, ನನ್ನನ್ನೂ ಒಂದು ಮಾಡಿ ನಿಲ್ಲಿಸಿ, ಬುಟ್ಟಿ ಹೊತ್ತವನನ್ನು ಎಂದ. ಮಾಡಿದೆ. ಬೆಂಕಿಕಡ್ಡಿಯ ಮೈ, ಮಳೆಗೆ ಹೊದೆಯುವ ಕೊಪ್ಪೆಗೆ ಹಾಲಿನ ಪ್ಯಾಕೆಟ್ಟಿನ ನೀಲಿ ಪ್ಲಾಸ್ಟಿಕ್ಕು, ತಲೆಯ ಮೇಲೆ ಸಾಸಿವೆಯಷ್ಟು ಬುಟ್ಟಿ. ಕಾಲುದಾರಿಯಲ್ಲಿ, ಹಳಿಯಿಂದ ಒಂದಿಂಚು ಈಚೆಗೆ ನಿಲ್ಲಿಸಿದೆ.

ಆಷಾಢದಲ್ಲಿ ಒಂದು ಬೆಳಿಗ್ಗೆ, ಎಂಟು ಗಂಟೆ ಹೊತ್ತಿಗೆ, ಅವನು ತೋಟದಿಂದ ಮನೆಗೆ ಬರುತ್ತಿದ್ದ. ಮೂರು ದಿನದಿಂದ ಬಿಡದ ಮಳೆ. ಮೊಗ್ಗು ಬುಟ್ಟಿಯ ತಳ ಮುಚ್ಚುವಷ್ಟೇ ಸಿಕ್ಕಿತ್ತು. ಪ್ಲಾಸ್ಟಿಕ್ಕಿನ ಕೊಪ್ಪೆ ಹಾಕಿಕೊಂಡರೆ ಮಳೆಯ ಸದ್ದೇ ಕಿವಿ ತುಂಬುತ್ತದೆ, ಹಳಿಯ ಸದ್ದು ಬರುವುದಿಲ್ಲ. ಮಳೆಗಾಲದಲ್ಲಿ ಗಾಡಿಗಳು ನಿಧಾನ ಬರುತ್ತವೆ, ಸದ್ದೂ ಕಡಿಮೆ. ಬಂದದ್ದು ಲಾರಿ ಹೊತ್ತ ರೈಲು, ಅದಕ್ಕೆ ಗೊತ್ತಾದ ಹೊತ್ತೂ ಇಲ್ಲ. ನಲವತ್ತು ಮೀಟರನ್ನು ಅದು ಆ ವೇಗದಲ್ಲಿ ನಾಲ್ಕು ಸೆಕೆಂಡಿನೊಳಗೆ ದಾಟುತ್ತದೆ. ನೂರೆಂಬತ್ತು ಮೀಟರಿಗಾದರೆ ಹದಿನಾರು ಸೆಕೆಂಡು. ಹದಿನಾರು ಸೆಕೆಂಡಿನಲ್ಲಿ ಮಾಸ್ತಪ್ಪ ನಾಲ್ಕು ಸಲ ಹಳಿ ದಾಟುತ್ತಿದ್ದ.

ನಾನು ಹೋಗುವಷ್ಟರಲ್ಲಿ ಚಾಪೆ ಮುಚ್ಚಿದ್ದರು. ಬುಟ್ಟಿ ದರೆಯ ಕೆಳಗಿನ ಚರಂಡಿಯಲ್ಲಿ ತೇಲುತ್ತಿತ್ತು. ಅವನ ಅಣ್ಣ ಈರಪ್ಪ ಹಳಿಯ ಪಕ್ಕದ ಜಲ್ಲಿಯ ಮೇಲೆ ಕೂತಿದ್ದರು, ಕೊಡೆ ಇರಲಿಲ್ಲ. ಜೋರು ಮಳೆ. ಆವತ್ತು ಯಾರೂ ತಲೆಯೆತ್ತಿ ಮರ ನೋಡಲಿಲ್ಲ.

ಈರಪ್ಪನವರ ವಿಷಯ ಇಲ್ಲಿ ಹೇಳಬೇಕು. ತೋಟದ ಬಾವಿಯ ಸಲುವಾಗಿ ಅಣ್ಣತಮ್ಮಂದಿರಿಗೆ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಆ ನಾಲ್ಕು ವರ್ಷ ಈರಪ್ಪ ತಮ್ಮನ ಕಾಲುದಾರಿಗೆ ಕಾಲಿಟ್ಟಿರಲಿಲ್ಲ. ಸಾವಿಗೆ ಎರಡು ದಿನ ಮೊದಲು ಮಾಸ್ತಪ್ಪ ತಾನಾಗಿಯೇ ಅಣ್ಣನ ಮನೆಗೆ ಹೋಗಿ, ಬಾವಿ ಇಬ್ಬರಿಗೂ ಇರಲಿ, ಮಾತಾಡುವಾ ಎಂದಿದ್ದ. ಈರಪ್ಪ ಅವನನ್ನು ಅಂಗಳದಲ್ಲೇ ನಿಲ್ಲಿಸಿ, ನೀನು ಸತ್ತರೂ ನಿನ್ನ ನೀರು ಮುಟ್ಟೂದಿಲ್ಲ ಎಂದು ಕಳಿಸಿದ್ದರು. ಆ ಅಂಗಳದಲ್ಲಿ ಅಕ್ಕಪಕ್ಕದವರಿದ್ದರು. ಹಾಗಾಗಿ ಹನ್ನೆರಡನೆಯ ದಿನ ಕಳೆಯುವುದರೊಳಗೆ ಊರಿನಲ್ಲಿ ಒಂದು ಮಾತು ಹುಟ್ಟಿತ್ತು. ಮಾಸ್ತಪ್ಪ ಬೇಕೆಂದೇ ನಿಂತನೋ ಎಂತದೋ. ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಈರಪ್ಪನವರಿಗೆ ಕೇಳಿಸದಷ್ಟು ಮೆಲ್ಲಗೂ ಹೇಳುತ್ತಿರಲಿಲ್ಲ.

ಆಮೇಲೆ ಚೌತಿ ಬಂತು. ನಮ್ಮ ಕಡೆ ಚೌತಿಯಲ್ಲಿ ಮನೆಮನೆಯ ಗಣಪತಿ ನೋಡಲು ಹೋಗುತ್ತಾರೆ, ಮೇಲೆ ಕಟ್ಟಿದ ಫಲಾವಳಿ ನೋಡುತ್ತಾರೆ, ಪಂಚಕಜ್ಜಾಯ ತಿಂದು ಮುಂದಿನ ಮನೆಗೆ ಹೋಗುತ್ತಾರೆ. ಹೋದ ವರ್ಷ ನಮ್ಮ ಮನೆಗೆ ಬಂದವರೆಲ್ಲ ಮೊದಲು ಜಗಲಿಯಲ್ಲಿ ನಿಂತರು. ಹಬ್ಬದ ಹಿಂದಿನ ದಿನ ನಾನು ನೀಲಿ ಕೊಪ್ಪೆಯ ಬೊಂಬೆಯನ್ನು ಕಿತ್ತು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದೆ. ಉಳಿದದ್ದೆಲ್ಲ ಹಾಗೆಯೇ ಇತ್ತು. ಸ್ವಿಚ್ ಒತ್ತಿದರೆ ಇಂಜಿನ್ನು ತಿರುವಿನಲ್ಲಿ ಕಾಣಿಸಿಕೊಳ್ಳುತ್ತಿತ್ತು, ಹಿಂದೆ ಲಾರಿಗಳು ಸಾಲಾಗಿ ವಾಲಿಕೊಂಡು ಬರುತ್ತಿದ್ದವು. ಜನ ಬಾಯಿ ಬಿಟ್ಟುಕೊಂಡು ನೋಡಿದರು. ನಮ್ಮನೆ ಎಲ್ಲಿ, ನಮ್ಮನೆ ಎಂತಕ್ಕೆ ಇಲ್ಲ ಎಂದು ಜಗಳ ಮಾಡಿದರು. ಗಣಪತಿಗಿಂತ ಸರ್ವೇಯರ ರೈಲಿಗೇ ಭಕ್ತರು ಹೆಚ್ಚು ಎಂದು ಸಾವಿತ್ರಿಯನ್ನು ಕೆಣಕಿದರು. ಒಂದು ಮಾತು ಎಲ್ಲರ ಬಾಯಲ್ಲೂ ಇತ್ತು: ಇದ್ದ ಹಾಗೇ ಇದೆ.

ಮಧ್ಯಾಹ್ನದ ಹೊತ್ತಿಗೆ ಈರಪ್ಪ ಬಂದರು. ಆ ವರ್ಷ ಅವರ ಮನೆಯಲ್ಲಿ ಹಬ್ಬ ಇರಲಿಲ್ಲ. ಗಣಪತಿಯ ಎದುರಿಗೆ ಹೋಗಲಿಲ್ಲ, ಜಗಲಿಯಲ್ಲೇ ನಿಂತರು. ಸಾವಿತ್ರಿ ತಡೆಯದೆ ಅವರ ಅಂಗೈಗೆ ಪಂಚಕಜ್ಜಾಯ ಹಾಕಿದಳು. ಅವರು ಅದನ್ನು ಹಿಡಿದುಕೊಂಡೇ ಹಲಗೆಯ ಸುತ್ತ ಒಂದು ಸುತ್ತು ಬಂದು, ಕಾಲುದಾರಿಯ ಹತ್ತಿರ ನಿಂತು, ಮಂಡಿ ಬಾಗಿಸಿ, ತಮ್ಮ ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದರು. ಅವರ ಸುತ್ತ ಏಳೆಂಟು ಜನ ಇದ್ದರು.

"ಒಂದು ಕೇಳ್ತೆ ಸರ್ವೇಯರೇ. ಇಲ್ಲಿ ನಿಂತವ್ನಿಗೆ, ಅಲ್ಲಿಂದ ಬರೂ ರೈಲು ಕಾಣ್ತದಾ?"

ನನ್ನ ಕೈ ಸ್ವಿಚ್ಚಿನ ಮೇಲಿತ್ತು. ಒತ್ತಿದೆ. ಇಂಜಿನ್ನು ತಿರುವಿನ ತುದಿಯಲ್ಲಿ ಹೊರಬಿತ್ತು, ಅವರು ಅದನ್ನು ಕೊನೆಯ ತನಕ ನೋಡಿದರು.

"ನೀವು ಅಳೆದು ಮಾಡಿದ್ದಾ?"

"ಹೌದು," ಎಂದೆ. "ಪ್ರತಿ ಅಡಿ ಅಳೆದಿದ್ದು."

ಆ ಕ್ಷಣದಲ್ಲಿ ನನಗೆ ಮರಗಳ ನೆನಪಿರಲಿಲ್ಲ ಎಂದು ಬರೆಯಲು ಸಾಧ್ಯವಿದ್ದರೆ ಬರೆಯುತ್ತಿದ್ದೆ. ನೆನಪಿತ್ತು. ಮಾಸ್ತಪ್ಪನ ಮಾತೂ ನೆನಪಿತ್ತು. ಮರಗಳನ್ನು ಬಿಟ್ಟಿದ್ದೇನೆ ಎನ್ನಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಹಿಂದಿನಿಂದ ಯಾರೋ, ಸರ್ವೇಯರು ಮಾಡಿದ್ದರಲ್ಲಿ ಒಂದು ಕೂದಲು ಫರಕು ಇರೂದಿಲ್ಲ ಎಂದರು. ನನಗೆ ಒಳಗೆ ಹಿತವಾಯಿತು. ಬಾಯಿ ಮುಚ್ಚಿದೆ. ಆಮೇಲೆ ಹೇಳಿದರಾಯಿತು, ಇಷ್ಟು ಜನರ ಮುಂದೆ ಯಾಕೆ ಎಂದುಕೊಂಡೆ. ಈರಪ್ಪ ನಿಧಾನಕ್ಕೆ ನೆಟ್ಟಗಾದರು. ಪಂಚಕಜ್ಜಾಯ ಅವರ ಅಂಗೈಯ ಬೆವರಿಗೆ ಉಂಡೆಯಾಗಿತ್ತು. ಅದನ್ನು ತಿನ್ನಲಿಲ್ಲ, ಚೆಲ್ಲಲಿಲ್ಲ, ಹಾಗೆಯೇ ಹಿಡಿದುಕೊಂಡು ಮೆಟ್ಟಿಲಿಳಿದರು.

ಆಮೇಲೆ ಎಂದುಕೊಂಡದ್ದು ಇಪ್ಪತ್ತೆರಡು ದಿನವಾಯಿತು. ನಾಳೆ ಹೋಗುವಾ ಎಂದು ನಾನು ಪ್ರತಿದಿನ ಅಂದುಕೊಂಡೆ. ಒಂದು ದಿನ ಮಳೆ, ಒಂದು ದಿನ ಭಟ್ಕಳ ಸಂತೆ, ಒಂದು ದಿನ ಗಾಲಿಯ ರಿಪೇರಿ. ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಮಾದೇವಿ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ, ಮೆಟ್ಟಿಲ ಕೆಳಗೆ ನಿಂತಳು. ಗಂಡನ ಹಳೆಯ ಅಂಗಿಯನ್ನು ರವಿಕೆಯ ಮೇಲೆ ಹಾಕಿಕೊಂಡಿದ್ದಳು, ತೋಟದ ಕೆಲಸದಿಂದ ಬಂದವಳು.

"ಭಾವ ಗೋಕರ್ಣಕ್ಕೆ ಹೋಗ್ತ್ರಂತೆ," ಎಂದಳು. "ನಾರಾಯಣಬಲಿ ಮಾಡಿಸೂಕೆ. ಕೈಯಾರೆ ಜೀವ ತಕ್ಕಂಡವ್ರಿಗೆ ಗತಿ ಸಿಗೂದಿಲ್ಲಂತೆ, ಅದಕ್ಕೆ. ನಾನೂ ಬರ್ಬೇಕಂತೆ."

ಅಪಘಾತದಲ್ಲಿ ಹೋದವರಿಗೂ ಅದನ್ನು ಮಾಡಿಸುವುದುಂಟು ಎಂದೆ. ಅದು ನಿಜ. ಆದರೆ ಅವಳು ಕೇಳಲು ಬಂದದ್ದು ಅದಲ್ಲ.

"ಅವ್ರು ಯಾಕೆ ಮಾಡಿಸ್ತ್ರು ಅಂತ ಊರಿಗೆ ಗೊತ್ತು. ನೀವು ಹೌದು ಅಂದ್ರಂತಲ್ಲ ಸರ್ವೇಯರಣ್ಣ. ಕಾಣ್ತದೆ ಅಂದ್ರಂತೆ."

ಕಾಣುತ್ತದೆ ಎಂದು ನಾನು ಹೇಳಿರಲಿಲ್ಲ. ಅಳೆದದ್ದು ಎಂದು ಮಾತ್ರ ಹೇಳಿದ್ದೆ. ಈ ವ್ಯತ್ಯಾಸವನ್ನು ಅವಳಿಗೆ ವಿವರಿಸಲು ಹೊರಟೆ. ನನ್ನ ಮಾತು ನನಗೇ ಕೇಳಿಸಿತು, ಅರ್ಧಕ್ಕೆ ಬಿಟ್ಟೆ. ಅಕೇಶಿಯಾ ಇತ್ತು, ನನಗೆ ಗೊತ್ತು, ನಾನು ಈರಪ್ಪನವರಿಗೆ ಹೇಳುತ್ತೇನೆ ಎಂದೆ.

"ನಾ ಹೇಳಿದ್ರೆ ಹೆಂಡತಿ ಮತ್ತೆಂತ ಹೇಳ್ತಾಳೆ ಅಂತಾರೆ. ನೀವು ಹೇಳಿ. ಕರ್ಕಂಡು ಹೋಗಿ ತೋರಿಸಿ. ಮರ ನೋಡಿದ್ರೆ ಆತಲ್ಲ."

ಅವಳನ್ನು ಕಳಿಸಿ, ಈರಪ್ಪನವರನ್ನು ಕರೆಯುವ ಮೊದಲು ಒಂದು ಸಲ ನಾನೇ ನೋಡಿಕೊಂಡು ಬರುವಾ ಎಂದು ಹೊರಟೆ. ದೂರದಿಂದಲೇ ಜೆಸಿಬಿಯ ಸದ್ದು ಕೇಳಿತು. ಮಳೆ ಹೊಳವಾದ ಮೇಲೆ ದರೆ ಕುಸಿಯದಂತೆ ಇಳಿಜಾರು ಮಾಡುವ ಕೆಲಸ ನಡೆದಿತ್ತು. ವರ್ಷವರ್ಷವೂ ಎಲ್ಲಾದರೊಂದು ಕಡೆ ಮಾಡುತ್ತಾರೆ, ಆ ಸಲ ಅಲ್ಲಿ. ಮರಗಳನ್ನು ಕಡಿದು ಸಾಗಿಸಿ ಎರಡು ದಿನವಾಗಿತ್ತಂತೆ. ಬುಡಗಳನ್ನೂ ಕಿತ್ತು, ದರೆಯ ತಲೆಯನ್ನೇ ತೆಗೆದಿದ್ದರು. ಕೆಂಪು ಮಣ್ಣಿನ ಮೇಲೆ ಯಂತ್ರದ ಹಲ್ಲಿನ ಗೆರೆ ಮಾತ್ರ. ನಾನು ಕಾಲುದಾರಿಯಲ್ಲಿ ಹೋಗಿ ನಿಂತೆ. ತಿರುವಿನ ತುದಿಯ ತನಕ ಹಳಿ ಸ್ವಚ್ಛವಾಗಿ ಕಾಣುತ್ತಿತ್ತು, ನೂರೆಂಬತ್ತು ಮೀಟರು. ನನ್ನ ಹಲಗೆಯ ಮೇಲೆ ಇದ್ದ ಹಾಗೆಯೇ. ಬಣ್ಣ ಕೂಡ ನಾನು ಹಾಕಿದ್ದೇ.

ಮನೆಗೆ ಬಂದು ಇನ್ನೂರು ಫೋಟೊಗಳನ್ನೂ ಒಂದೊಂದಾಗಿ ತೆರೆದು ನೋಡಿದೆ. ಎಲ್ಲ ಗಾಡಿಯವು. ಅವಲ್ಲದೆ ಬೆಳಕೆಯಲ್ಲಿ ತೆಗೆದವು ಎಂಟು ಇದ್ದವು, ಎಂಟೂ ದರೆಯ ಕಲ್ಲಿನ ಬಣ್ಣ ತಿಳಿಯಲು ಹತ್ತಿರದಿಂದ ತೆಗೆದವು. ಒಂದರ ಮೂಲೆಯಲ್ಲಿ ನಾಲ್ಕು ಎಲೆ ಕಾಣುತ್ತಿದ್ದವು. ಅಕೇಶಿಯಾದ ಎಲೆಯೇ. ಆದರೆ ನಾಲ್ಕು ಎಲೆ.

ಮರುದಿನ ಈರಪ್ಪನವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಬಲೆಯ ಹರಕು ಹೊಲಿಯುತ್ತಿದ್ದರು. ಗೋಕರ್ಣದ ಭಟ್ಟರ ಹತ್ತಿರ ಮಾತಾಡಿ ದಿನ ಗೊತ್ತು ಮಾಡಿಯಾಗಿತ್ತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಮರಗಳಿದ್ದದ್ದು, ನಾನು ಬಿಟ್ಟದ್ದು, ಯಾಕೆ ಬಿಟ್ಟದ್ದು, ಮಾಸ್ತಪ್ಪ ಜಗಲಿಯಲ್ಲಿ ಕೂತು ಹೇಳಿದ ಮಾತು. ಅವರು ಸೂಜಿ ನಿಲ್ಲಿಸದೆ ಕೇಳಿದರು. ನಾನು ಮುಗಿಸಿದ ಮೇಲೆ ಕೈಯೊರೆಸಿಕೊಂಡು, ನೀವು ಅಳತೆ ಬರೆದ ಪುಸ್ತಕ ಇದೆಯಾ ಎಂದು ಕೇಳಿದರು.

ಇತ್ತು. ಜೊತೆಗೇ ಒಯ್ದಿದ್ದೆ. ಒಯ್ಯುವ ಮೊದಲು ತೆರೆದು ನೋಡಿರಲಿಲ್ಲ. ನನ್ನ ಫೀಲ್ಡ್ ಬುಕ್ಕಿನ ಮೇಲೆ ನನಗಿದ್ದ ನಂಬಿಕೆ ಅಂಥದ್ದು. ಅವರ ಎದುರಿಗೇ ಪುಟ ತೆರೆದೆ. ಹಳಿ ಇತ್ತು, ತಿರುವು ಇತ್ತು, ಕಾಲುದಾರಿ, ಬಾವಿ, ಹಲಸಿನ ಮರ ಒಂದು, ತೆಂಗು ಎರಡು. ಅಕೇಶಿಯಾ ಒಂದೂ ಇರಲಿಲ್ಲ.

ಸರ್ವೆಯಲ್ಲಿ ನಾವು ಎಲ್ಲ ಮರ ಬರೆಯುವುದಿಲ್ಲ. ಹಲಸು, ಮಾವು, ತೆಂಗು, ಹುಣಸೆ ಇಂಥವನ್ನು ಬರೆಯುತ್ತೇವೆ. ಅವಕ್ಕೆ ಒಡೆಯರಿರುತ್ತಾರೆ, ಅವು ಗಡಿಗೆ ಗುರುತಾಗುತ್ತವೆ. ಅಕೇಶಿಯಾ ಇವತ್ತು ನೆಟ್ಟು ನಾಳೆ ಕಡಿಯುವ ಮರ, ಅದನ್ನು ಗುರುತು ಎಂದು ಹಿಡಿದರೆ ಗಡಿಯೇ ಹೋಗುತ್ತದೆ. ಮೂವತ್ನಾಲ್ಕು ವರ್ಷ ನನ್ನ ಪೆನ್ಸಿಲು ಅವುಗಳನ್ನು ದಾಟಿಕೊಂಡು ಹೋಗಿ ರೂಢಿಯಾಗಿತ್ತು. ನನ್ನ ಸಂತೋಷಕ್ಕೆ ಅಳೆಯುವಾಗಲೂ ಕೈ ಹಾಗೆಯೇ ಹೋಗಿದೆ. ಇದನ್ನು ಈರಪ್ಪನವರಿಗೆ ಬಿಡಿಸಿ ಹೇಳಿದೆ. ಹೇಳುತ್ತಾ ಹೋದಷ್ಟೂ, ಸುಳ್ಳು ಹೇಳುವವನ ಹಾಗೆ ನನ್ನ ಮಾತು ಉದ್ದವಾಯಿತು.

ಅವರು ಪುಸ್ತಕವನ್ನು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸು ಕೊಟ್ಟರು.

"ನನ್ನ ಸಮಾಧಾನಕ್ಕೆ ಹೇಳೂದು ಬೇಡ ಸರ್ವೇಯರೇ. ನಿಮ್ಮ ಮನಸ್ಸು ದೊಡ್ಡದು. ಆದ್ರೆ ನಾ ಅವತ್ತು ಕೇಳಿದಾಗ ನೀವು ಸುಳ್ಳು ಹೇಳಿಲ್ಲ, ಅದೇ ಸಾಕು."

ನಾನು ಅವರ ಕೈ ಹಿಡಿದುಕೊಂಡೆ. ಅವತ್ತು ಹೇಳಿದ್ದೇ ಸುಳ್ಳು, ಇವತ್ತಿನದು ನಿಜ ಎಂದೆ. ಅವರು ನನ್ನ ಕೈ ಬಿಡಿಸಲಿಲ್ಲ, ನನಗೆ ಏನೋ ಆಗಿದೆ ಎಂಬಂತೆ ಇನ್ನೊಂದು ಕೈಯಿಂದ ಬೆನ್ನು ಸವರಿದರು. ನಿಜ ಆಗಿದ್ರೆ ಅವತ್ತೇ ಎಂತಕ್ಕೆ ಹೇಳಲಿಲ್ಲ ಎಂದು ಕೇಳಿದರು. ನನ್ನ ರೈಲನ್ನು ಜನ ಹೊಗಳುತ್ತಿದ್ದರು, ಅದಕ್ಕೆ ಎಂದು ಹೇಳಬೇಕಿತ್ತು. ಅರವತ್ತೆರಡು ವರ್ಷದ ಗಂಡಸು ಹೇಳುವ ಮಾತೇ ಅದು? ನನ್ನಿಂದಾಗಲಿಲ್ಲ. ಅವರು ಮತ್ತೆ ಬಲೆ ಕೈಗೆತ್ತಿಕೊಂಡರು. ಒಳಗಿನಿಂದ ಅವರ ಹೆಂಡತಿ ಚಾ ತಂದಿಟ್ಟರು. ಅದನ್ನೂ ಕುಡಿದು ಬಂದೆ.

ಅವರು ಗೋಕರ್ಣಕ್ಕೆ ಹೋದರು. ಮಾಸ್ತಪ್ಪನಿಗೆ ಮಕ್ಕಳಿಲ್ಲ, ಅಣ್ಣನೇ ಮಾಡಬೇಕು, ಮಾಡಿದರು. ಮಾದೇವಿ ಹೋಗಲಿಲ್ಲ. ಆ ದಿನ ಅವಳು ಎಂದಿನಂತೆ ಮೊಗ್ಗು ಕೊಯ್ದು, ಕಟ್ಟಿ, ತಾನೇ ಬುಟ್ಟಿ ಹೊತ್ತು ಬಸ್ಸಿಗೆ ಹಾಕಿದಳಂತೆ. ಗಂಡನ ಗತಿಗೆ ಹೋಗದವಳು ಎಂದು ಊರು ಅವಳಿಗೂ ಒಂದು ಹೆಸರು ಇಟ್ಟಿತು. ಈರಪ್ಪ ವಾಪಸು ಬಂದವರು ಮೊದಲಿನ ಹಾಗೆ ಉಳಿಯಲಿಲ್ಲ. ದೋಣಿಗೆ ಹೋಗುವುದು ಬಿಟ್ಟರು. ತಮ್ಮನ ತೋಟದ ಬಾವಿಯ ಕಡೆ ದಿನಾ ಒಂದು ಸಲ ಹೋಗಿ, ನೀರು ಮುಟ್ಟದೆ, ಕಟ್ಟೆಯ ಮೇಲೆ ಕೂತು ಬರುತ್ತಾರೆ ಎಂದು ಮಾದೇವಿ ಹೇಳಿದಳು. ಬೈಯಲೂ ಆಗುವುದಿಲ್ಲ ಎಂದಳು.

ಮಾಘದಲ್ಲಿ ನಾನು ಅಕೇಶಿಯಾ ಮಾಡಲು ಕೂತೆ. ಸಿಂಗಾರದ ಕಡ್ಡಿಯನ್ನು ಮೂರುಮೂರು ಸೇರಿಸಿ ನೂಲು ಸುತ್ತಿ ಕಾಂಡ. ಎಲೆಗೆ ಅದೇ ಹೊಟ್ಟು, ಬಣ್ಣ ಸ್ವಲ್ಪ ಕಪ್ಪು ಹಸಿರು. ಎಷ್ಟು ಮರ ಎಂದು ಎಲ್ಲೂ ಬರೆದಿಲ್ಲ, ಬುಡ ಎಣಿಸಲು ಬುಡವೇ ಇಲ್ಲ. ನಲವತ್ತು ಮೀಟರು ಮಾತ್ರ ಕಾಣಬೇಕಾದರೆ ಎಷ್ಟು ಬೇಕೋ ಅಷ್ಟು ಮಾಡಿದೆ. ಮೂವತ್ತೊಂದು ಬೇಕಾದವು. ಇಟ್ಟ ಮೇಲೆ ಮಾದೇವಿಗೆ ಹೇಳಿಕಳಿಸಿದೆ.

ಅವಳು ಬಂದು ಜಗಲಿ ಹತ್ತಿದಳು. ಆಮೇಲೆ ಭಾವ ಬಗ್ಗಿದ ಹಾಗೆಯೇ ಬಗ್ಗಿ, ಕಾಲುದಾರಿಯ ಹತ್ತಿರ ಕಣ್ಣಿಟ್ಟಳು. ಮುಂದಿನ ಸಾಲಿನ ಒಂದು ಮರವನ್ನು ಎರಡು ಬೆರಳಿನಿಂದ ಹಿಡಿದು, ಕೇಳದೆ, ಕಿತ್ತು, ಬೆರಳಗಲ ಈಚೆಗೆ ನೆಟ್ಟಳು. "ಇದು ಇಲ್ಲಿತ್ತು. ಇದರ ಟೊಂಗೆಗೇ ಅವ್ರ ಕೊಪ್ಪೆ ಸಿಕ್ಕಿ ಹರೀತಿತ್ತು ಯಾವಾಗ್ಲೂ." ರೈಲು ಬಿಡಿ ಎಂದಳು. ಬಿಟ್ಟೆ. ಮರಗಳ ಹಿಂದೆ ಗಾಲಿಯ ಸದ್ದು ಬಂತು. ಏನೂ ಕಾಣಲಿಲ್ಲ. ಆಮೇಲೆ ಒಮ್ಮೆಲೇ ಇಂಜಿನ್ನು ದಾರಿಯ ಮೇಲೆ ಇತ್ತು. ಮಾದೇವಿ ತಲೆ ಹಿಂದೆಳೆದುಕೊಂಡಳು.

ನಾನು ಬೆಂಕಿಪೊಟ್ಟಣ ತೆರೆದು ಬೊಂಬೆ ತೋರಿಸಿದೆ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು, ಮೂಗು ಇಷ್ಟುದ್ದ ಇರಲಿಲ್ಲ ಅವ್ರಿಗೆ ಎಂದು ಸಣ್ಣಗೆ ನಕ್ಕಳು. ದಾರಿಯ ಮೇಲೆ ನಿಲ್ಲಿಸಲಿಲ್ಲ. ಹಳಿಯ ಆಚೆ, ಮಲ್ಲಿಗೆಯ ಸಾಲಿನ ನಡುವೆ ನೆಟ್ಟು ಹೋದಳು.

ಈ ವರ್ಷದ ಚೌತಿಗೂ ಜನ ಬಂದರು. ಹೋದ ವರ್ಷದ್ದೇ ಚಂದ ಇತ್ತು, ಈಗ ರೈಲೇ ಕಾಣೂದಿಲ್ಲ ಎಂದರು. ಇಲ್ಲಿ ಹೀಗೇ ಮರ ಇದ್ದವು, ಮಾಸ್ತಪ್ಪನಿಗೆ ರೈಲು ಕಂಡಿರಲಿಲ್ಲ ಎಂದು ನಾನು ಬಂದವರಿಗೆಲ್ಲ ಹೇಳಿದೆ. ಹೌದೌದು ಎಂದು ತಲೆ ಆಡಿಸಿ ಒಳಗೆ ಹೋದರು. ವಯಸ್ಸಾದ ಮೇಲೆ ಸರ್ವೇಯರು ಮೆತ್ತಗಾಗಿದ್ದಾರೆ ಎಂದು ಒಬ್ಬರು ಸಾವಿತ್ರಿಗೆ ಹೇಳಿದ್ದು ನನಗೆ ಕೇಳಿಸಿತು.

ಈರಪ್ಪ ಮಧ್ಯಾಹ್ನ ಬಂದರು. ಈ ಸಲ ಗಣಪತಿಗೆ ಕೈಮುಗಿದು, ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡು, ಜಗಲಿಗೆ ಬಂದರು. ಮರಗಳನ್ನು ನೋಡಿದರು. ಬಗ್ಗಲಿಲ್ಲ. ತೋಟದಲ್ಲಿ ನಿಂತ ನೀಲಿ ಕೊಪ್ಪೆಯನ್ನೂ ನೋಡಿದರು.

"ಈ ಮರ ಯಾವಾಗ ಹಾಕಿದ್ದು ಸರ್ವೇಯರೇ?"

"ಮಾಘದಲ್ಲಿ."

"ನಾ ಗೋಕರ್ಣಕ್ಕೆ ಹೋಗಿ ಬಂದ ಮೇಲೆ."

"ಹೌದು."

ಅವರು ಹಲಗೆಯ ಅಂಚನ್ನು ಒಂದು ಸಲ ಸವರಿದರು. "ನನ್ನ ಸಲುವಾಗಿ ಇಷ್ಟು ಕಷ್ಟ ಬಿದ್ರಿ," ಎಂದರು. "ನಿಮಗೆ ಪುಣ್ಯ ಬರಲಿ."

ಅವರು ಮೆಟ್ಟಿಲಿಳಿದು ಹೋದರು. ರೈಲು ಓಡುತ್ತಲೇ ಇತ್ತು. ಮರಗಳ ಹಿಂದೆ ಅದರ ಸದ್ದು ಮಾತ್ರ ಬರುತ್ತಿತ್ತು.